ಮೂವತ್ತನಾಲ್ಕು ಮಿಲಿಮೀಟರು

"ಇನ್ನೊಂದ್ಸಲ ಅಳೀರಿ ಅಕ್ಕ," ಎಂದಳು ಮಂಚದ ಮೇಲೆ ಮಲಗಿದ್ದವಳು.

ಆಗಲೇ ಮೂರು ಸಲ ಅಳೆದಾಗಿತ್ತು. ಸ್ಕ್ಯಾನ್ ಅಕ್ಕ ಅದನ್ನು ಹೇಳಲಿಲ್ಲ. ಕೈಯಲ್ಲಿದ್ದ ಸಲಕರಣೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದು, ಒತ್ತಡ ಸಡಿಲಿಸಿ, ಪರದೆಯ ಮೇಲಿನ ಚಿತ್ರ ನಿಲ್ಲುವವರೆಗೆ ಕಾದಳು. ಗರ್ಭಚೀಲದ ಕೊರಳು ಅಡ್ಡಕ್ಕೆ ಮಲಗಿದ ಬೂದು ಪಟ್ಟಿಯ ಹಾಗೆ ಕಂಡಿತು. ಒಳತುದಿಗೆ ಒಂದು ಚುಕ್ಕೆ ಇಟ್ಟಳು, ಹೊರತುದಿಗೆ ಇನ್ನೊಂದು. ಯಂತ್ರ ನಾಲ್ಕನೆಯ ಸಲವೂ ಅದೇ ಸಂಖ್ಯೆ ತೋರಿಸಿತು.

"ಮೂವತ್ತೊಂದೇ. ಇಪ್ಪತ್ತೈದಕ್ಕಿಂತ ಮೇಲಿದ್ರೆ ನಾವು ಹೆದರೋದಿಲ್ಲ."

ಮಲಗಿದ್ದವಳು ಚಾವಣಿಯನ್ನೇ ನೋಡುತ್ತಿದ್ದಳು. "ಹೋದ ಬಸಿರಲ್ಲಿ ಮೂವತ್ನಾಲ್ಕಿತ್ತು. ನೀವೇ ಬರೆದಿದ್ರಿ. ಮೂವತ್ನಾಲ್ಕಿದ್ದೇ ನಿಲ್ಲಲಿಲ್ಲ, ಇನ್ನು ಮೂವತ್ತೊಂದು ಎಲ್ಲಿ ನಿಲ್ಲತ್ತೆ?"

ಆ ಪ್ರಶ್ನೆಗೆ ಸ್ಕ್ಯಾನ್ ಅಕ್ಕನ ಬಳಿ ಉತ್ತರವಿತ್ತು. ಅವಳು ಸಲಕರಣೆಯನ್ನು ಮೆಲ್ಲಗೆ ಹೊರತೆಗೆದು, ಅದರ ತೆಳು ಹೊದಿಕೆಯನ್ನು ಸುಲಿದು ಬುಟ್ಟಿಗೆ ಹಾಕಿ, ಒರೆಸಿಕೊಳ್ಳಲು ಕಾಗದ ಹರಿದುಕೊಟ್ಟಳು. ಒಂದು ಬಸಿರಿನ ಹಾಗೆ ಇನ್ನೊಂದು ಇರುವುದಿಲ್ಲ ಎಂದಳು. ಈ ಕೋಣೆಯಲ್ಲಿ ಸಾವಿರ ಜನಕ್ಕೆ ಹೇಳಿದ್ದ ಮಾತು ಅದು. ಇವತ್ತು ಒಣ ಹಿಟ್ಟು ಮುಕ್ಕಿದಂತೆ ಬಾಯಲ್ಲೇ ಅಂಟಿಕೊಂಡಿತು.

ಆ ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ನೆಲ ಒರೆಸುವವರಿಂದ ಹಿಡಿದು, ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವಳು ಸ್ಕ್ಯಾನ್ ಅಕ್ಕ. ಕಿಟಕಿಯಿಲ್ಲದ ಆ ಕೋಣೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ದಿನವಿಡೀ ಒಂದೇ ಕೈ ಚಾಚಿ ಕೆಲಸ ಮಾಡಿ ಅವಳ ಬಲ ಭುಜ ಎಡದ್ದಕ್ಕಿಂತ ಒಂದು ಬೆರಳು ಇಳಿದಿತ್ತು. ಮಗುವಿನ ಎದೆಬಡಿತ ಕೇಳಿಸಿದ ಕೂಡಲೇ ಯಾರು ಅಳುತ್ತಾರೆ, ಯಾರು ನಗುತ್ತಾರೆ, ಯಾರು ಗಂಡನ ಮುಖ ನೋಡುತ್ತಾರೆ ಎಂದು ಬಾಗಿಲಲ್ಲೇ ಹೇಳಬಲ್ಲೆ ಎಂದು ಅವಳು ತಮಾಷೆ ಮಾಡುವುದಿತ್ತು.

ಮಂಚದ ಮೇಲಿದ್ದವಳು ಅಂಚೆ ಹಂಚುವವಳು. ಊರಿನ ಮೇಲ್ಭಾಗದ ಮೆಟ್ಟಿಲುಬೀದಿಗಳೆಲ್ಲ ಅವಳ ಪಾಲಿಗಿದ್ದವು. ಅಲ್ಲಿಗೆ ಸೈಕಲ್ಲೂ ಹತ್ತುವುದಿಲ್ಲ, ಕಾಲೇ ಗತಿ. ಗಂಡ ಬಡಗಿ, ಮಾತು ಕಮ್ಮಿ. ಅತ್ತೆ ಸೋಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಬಿಟ್ಟವಳು, ಗಂಡ ಹೆಂಡತಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವಳು. ಈ ಸಲ ಬಸಿರಾದ ಮೇಲೆ ಅಂಚೆಯವಳು ಕೌಂಟರಿನಲ್ಲಿ ಒಂದೇ ಮಾತು ಕೇಳಿದ್ದಳಂತೆ: ಸ್ಕ್ಯಾನ್ ಅಕ್ಕನೇ ನೋಡಬೇಕು, ಬೇರೆಯವರಾದರೆ ಇನ್ನೊಂದು ದಿನ ಬರುತ್ತೇನೆ. ಯಾಕೆಂದು ಸ್ಕ್ಯಾನ್ ಅಕ್ಕ ಕೇಳಿದಾಗ, "ಆ ಮಗೂದು ಅಂತ ನಮ್ಮ ಹತ್ರ ಇರೋದು ನೀವು ಕೊಟ್ಟ ಮೂರು ಫೋಟೋ ಮಾತ್ರ. ಬೆರಳು ಎಣಿಸಿ ತೋರಿಸಿದ್ರಿ ನೀವು," ಎಂದಿದ್ದಳು.

ಎರಡು ವರ್ಷದ ಹಿಂದೆ ಅವಳು ಸಮವಸ್ತ್ರದಲ್ಲೇ ಬಂದಿದ್ದಳು. ಅರ್ಧ ಖಾಲಿಯಾದ ಚೀಲವನ್ನು ಕುರ್ಚಿಯ ಮೇಲಿಟ್ಟು ಮಂಚ ಹತ್ತಿದ್ದಳು. ಮೊದಲ ಬಸಿರು, ಹತ್ತೊಂಬತ್ತು ವಾರ. ಹೇಳಿದಂತೆ ಹೊಟ್ಟೆ ತುಂಬ ನೀರು ಕುಡಿದು ಮೂತ್ರ ತಡೆದುಕೊಂಡು ಬಂದಿದ್ದಳು. ಮೊದಲ ಬಸಿರಿನವರಿಗೆ ಹೊಟ್ಟೆಯ ಮೇಲಿನಿಂದ ನೋಡಿದರೆ ಸಾಕು ಎಂಬುದು ಆಗಿನ ಪದ್ಧತಿ. ಮಗುವಿನ ತಲೆ, ಬೆನ್ನೆಲುಬು, ಎದೆ, ಕೈಕಾಲು ಎಲ್ಲ ಸರಿಯಾಗಿತ್ತು. ಕೊನೆಗೆ ಗರ್ಭದ ಕೊರಳು. ಅದು ಪರದೆಯಲ್ಲಿ ಉದ್ದವಾಗಿಯೇ ಕಂಡಿತು. ಆದರೆ ಒಳತುದಿಯಲ್ಲಿ ಸಣ್ಣದೊಂದು ಕಚ್ಚು ಇತ್ತು, ಬಾಯಿ ತೆರೆಯಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗೆ.

ಮೂತ್ರಚೀಲ ತುಂಬಿದ್ದರೆ ಅದು ಒತ್ತಿ ಗಿಡ್ಡ ಕೊರಳನ್ನೂ ಉದ್ದವಾಗಿ ತೋರಿಸುತ್ತದೆ. ಆ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ಅವಳನ್ನು ಎಬ್ಬಿಸಿ, ಮೂತ್ರ ಮಾಡಿ ಬರಹೇಳಿ, ಒಳಗಿನಿಂದ ಸಲಕರಣೆ ಇಟ್ಟು ನೋಡಬೇಕಿತ್ತು. ಹತ್ತು ನಿಮಿಷದ ಕೆಲಸ. ಹೊರಗೆ ಹದಿನಾಲ್ಕು ಹೆಂಗಸರು ಕಾಯುತ್ತಿದ್ದರು. ಅಂಚೆಯವಳು, "ಆಯ್ತಾ ಅಕ್ಕ? ಇನ್ನೂ ಎರಡು ಬೀದಿ ಬಾಕಿ ಇದೆ," ಎಂದಳು. ಇರಲಿ ಎಂದುಕೊಂಡು ಸ್ಕ್ಯಾನ್ ಅಕ್ಕ ಎರಡು ಚುಕ್ಕೆ ಇಟ್ಟು ಮೂವತ್ತನಾಲ್ಕು ಎಂದು ಬರೆದಳು.

ಮೂರು ವಾರ ಕಳೆದು ಅವಳು ಮತ್ತೆ ಬಂದಾಗ ನೋವಿರಲಿಲ್ಲ, ಕೆಳಗೆ ಏನೋ ಜಗ್ಗಿದ ಹಾಗಾಗುತ್ತಿದೆ ಎಂದಷ್ಟೇ ಅಂದಳು. ಅಷ್ಟರಲ್ಲಿ ಗರ್ಭದ ಬಾಯಿ ಪೂರ್ತಿ ತೆರೆದಿತ್ತು. ಇಪ್ಪತ್ತೆರಡು ವಾರದ ಮಗು ಇಪ್ಪತ್ತು ನಿಮಿಷ ಉಸಿರಾಡಿತು. ಅಂದು ಮಧ್ಯಾಹ್ನ ಸ್ಕ್ಯಾನ್ ಅಕ್ಕ ಯಂತ್ರದಲ್ಲಿ ಉಳಿದಿದ್ದ ಹಳೆಯ ಚಿತ್ರವನ್ನು ತೆಗೆದು, ಆ ಕಚ್ಚನ್ನು ನೋಡಿ, ಮುಚ್ಚಿದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಗಂಟಲಿನ ಮುಳ್ಳಾಯಿತು.

ಈ ಸಲ ಡಾಕ್ಟರಮ್ಮ ಮೊದಲಿನಿಂದಲೇ ಬಿಗಿಯಾಗಿದ್ದರು. ಮಲಗುವಾಗ ಒಳಗೆ ಇಟ್ಟುಕೊಳ್ಳುವ ಹಾರ್ಮೋನಿನ ಮಾತ್ರೆ, ಹದಿನಾರನೇ ವಾರದಿಂದ ಎರಡು ವಾರಕ್ಕೊಮ್ಮೆ ಒಳಗಿನಿಂದ ಅಳತೆ. ಕೊರಳು ಗಿಡ್ಡವಾಗುತ್ತ ಬಂದರೆ ಹೊಲಿಗೆ ಹಾಕುವುದು ಎಂದು ಹೇಳಿದ್ದರು.

ಹದಿನಾರಕ್ಕೆ ಮೂವತ್ತೊಂದಿದ್ದದ್ದು ಹದಿನೆಂಟನೇ ವಾರಕ್ಕೆ ಇಪ್ಪತ್ತಾರಕ್ಕೆ ಇಳಿಯಿತು. ಆ ದಿನ ಅತ್ತೆಯೂ ಜೊತೆಯಲ್ಲಿದ್ದಳು. ಸೊಸೆಯ ಮಂಚದ ಕಾಲಿನ ಕಡೆಗೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರಿಸಿದ್ದೇನೆ, ಬಚ್ಚಲಿಗೆ ಬಿಟ್ಟು ಇನ್ನೆಲ್ಲಿಗೂ ಏಳಲು ಬಿಟ್ಟಿಲ್ಲ, ತಲೆ ಕೂಡ ನಾನೇ ಬಾಚುತ್ತೇನೆ ಎಂದು ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದಳು. ಇಟ್ಟಿಗೆ ತೆಗೆದುಬಿಡಿ, ಮಲಗಿದರೆ ಕೊರಳು ಉದ್ದವಾಗುವುದಿಲ್ಲ, ಸುಮ್ಮನೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು, ಮನೆಯೊಳಗೆ ಓಡಾಡಿಕೊಂಡಿರಲಿ ಎಂದರು ಡಾಕ್ಟರಮ್ಮ.

"ನೀವು ಓದಿರಬಹುದು ಡಾಕ್ಟರಮ್ಮ. ನಾನು ಹೆತ್ತವಳು."

"ನಾನೂ ಹೆತ್ತಿದೀನಿ. ಮೂರು," ಎಂದರು ಡಾಕ್ಟರಮ್ಮ ತಲೆಯೆತ್ತದೆ ಬರೆಯುತ್ತ. ಅತ್ತೆ ಇಟ್ಟಿಗೆ ಮಾತ್ರ ತೆಗೆಯಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸ್ಕ್ಯಾನ್ ಕೋಣೆಯ ಹೊರಗಿನ ಸಾಲಿನಲ್ಲಿ ಯಾರೋ ಒಬ್ಬಳು ನುಗ್ಗಿ ಮುಂದೆ ಬರಲು ನೋಡಿದಾಗ ಅದೇ ಅತ್ತೆ, "ಏನಮ್ಮಾ, ಏಳು ತಿಂಗಳಿಗೆ ಹುಟ್ಟಿದವಳ ಹಾಗೆ ಆಡ್ತೀಯ," ಎಂದುಬಿಟ್ಟು, ಸೊಸೆ ಪಕ್ಕದಲ್ಲೇ ಕೂತಿದ್ದು ನೆನಪಾಗಿ ನಾಲಗೆ ಕಚ್ಚಿಕೊಂಡಳು. ಆಡಿದ ಮಾತಿನ ಹುಳುಕು ಮುಚ್ಚಲು ಇನ್ನಷ್ಟು ಮಾತಾಡಿದಳು. ಹೋದ ಸಲ ಇವಳು ನನ್ನ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಆ ಮಣಭಾರದ ಚೀಲ ಹೊತ್ತು ದಿನಕ್ಕೆ ಆರುನೂರು ಮೆಟ್ಟಿಲು ಹತ್ತಿದಳು, ಯಾವ ಮಗು ನಿಂತೀತು ಎಂದಳು. ಅದು ಸೊಸೆಗೆ ಹೊಸ ಮಾತಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ತೆರೆದ ಬಾಗಿಲಲ್ಲಿ ನಿಂತು ಮುಂದಿನವರನ್ನು ಕರೆಯಬೇಕಾಗಿದ್ದ ಸ್ಕ್ಯಾನ್ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ತನ್ನ ಗಂಡನಿಗೆ ಆ ಕಚ್ಚಿನ ವಿಷಯ ಹೇಳಿದಳು. ಅವನು ಫ್ರಿಜ್ಜು ರಿಪೇರಿ ಮಾಡುವವನು, ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದರಲ್ಲಿ ನಿಪುಣ. ಪೂರ್ತಿ ಕೇಳಿಸಿಕೊಂಡು, "ಇರಲಾರದೆ ಇರುವೆ ಬಿಟ್ಕೋಬೇಡ," ಎಂದ. ಹೇಳಿದರೆ ಹೋದ ಮಗು ಬರುವುದಿಲ್ಲ, ನಿನ್ನ ಕೆಲಸ ಹೋದೀತು, ಬಸುರಿ ಹೆಂಗಸಿನ ನೆಮ್ಮದಿಯೂ ಹೋದೀತು ಎಂದ. ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಆ ಹೆಂಗಸಿಗೆ ನೆಮ್ಮದಿ ಎಂಬುದು ಎಲ್ಲಿತ್ತು ಎಂದು ಸ್ಕ್ಯಾನ್ ಅಕ್ಕ ದಾರಿಯುದ್ದಕ್ಕೂ ಯೋಚಿಸಿದಳು.

ಇಪ್ಪತ್ತನೇ ವಾರದ ಅಳತೆಗೆ ಅಂಚೆಯವಳು ಗಂಡನ ಜೊತೆ ಬಂದಳು. ಬಡಗಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತ. ಚಿತ್ರ ಮೂಡಿದ ಕೂಡಲೇ ಸ್ಕ್ಯಾನ್ ಅಕ್ಕನಿಗೆ, ಅಳೆಯುವ ಮೊದಲೇ, ಗೊತ್ತಾಯಿತು. ಒಳಬಾಯಿ ಆಲಿಕೆಯ ಹಾಗೆ ಅಗಲಿಸಿತ್ತು, ಅದರೊಳಗೆ ನೀರಿನ ಚೀಲ ಇಳಿದು ಕೂತಿತ್ತು. ಉಳಿದ ಕೊರಳು ಹದಿನೇಳು ಮಿಲಿಮೀಟರು. ಮತ್ತೆ ಅಳೆದಳು. ಹದಿನೇಳು. ಇನ್ನೊಮ್ಮೆ ಅಳೆದಾಗ ಹದಿನಾರು ಬಂತು. ತೀರ ಕಮ್ಮಿ ಬಂದದ್ದನ್ನೇ ಬರೆಯಬೇಕು. ಬರೆದಳು.

"ಹೇಳಿ ಅಕ್ಕ," ಎಂದಳು ಅಂಚೆಯವಳು. ಮುಖ ನೋಡಿಯೇ ತಿಳಿದಿತ್ತು.

"ಕಮ್ಮಿಯಾಗಿದೆ. ಹದಿನಾರು. ಡಾಕ್ಟರಮ್ಮನ್ನ ಕರೀತೀನಿ. ಎದ್ದೇಳಬೇಡ."

"ಈ ಸಲ ನಾನು ನಡೆದೇ ಇಲ್ವಲ್ಲ. ಚೀಲ ಮುಟ್ಟಿಲ್ಲ. ಎರಡು ತಿಂಗಳಿಂದ ಮೆಟ್ಟಿಲು ಹತ್ತಿಲ್ಲ. ಮತ್ತೆ ಯಾಕೆ?" ಅವಳು ಅಳಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಕೇಳಿದಳು, ಎಲ್ಲೋ ಒಂದು ಮೆಟ್ಟಿಲು ಗೊತ್ತಿಲ್ಲದೆ ಹತ್ತಿರಬಹುದೇ ಎಂದು ನೆನಪಿಸಿಕೊಳ್ಳುತ್ತಿರುವ ಹಾಗೆ.

ಸ್ಕ್ಯಾನ್ ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಸರಿದು ಡಾಕ್ಟರಮ್ಮ ಬಂದರು. ಪರದೆ ನೋಡಿ, ಮಂಚದ ಅಂಚಿಗೆ ಕೈಯೂರಿ, ನಾಳೆ ಬೆಳಿಗ್ಗೆಯೇ ಹೊಲಿಗೆ ಹಾಕೋಣ ಎಂದರು. ಬೆನ್ನಿಗೆ ಮರಗಟ್ಟಿಸುವ ಚುಚ್ಚುಮದ್ದು, ಇಪ್ಪತ್ತು ನಿಮಿಷದ ಕೆಲಸ. ಗಟ್ಟಿ ದಾರದಿಂದ ಕೊರಳನ್ನು ಸುತ್ತ ಬಿಗಿದು ಕಟ್ಟುವುದು. ದಿನ ತುಂಬುತ್ತ ಬಂದಾಗ ಕತ್ತರಿಸಿ ತೆಗೆಯುವುದು. ಖಂಡಿತ ನಿಲ್ಲುತ್ತದೆಯೇ ಎಂದು ಬಡಗಿ ಕೇಳಿದ. ಅವನು ಆ ಕೋಣೆಯಲ್ಲಿ ಆಡಿದ ಮೊದಲ ಮಾತು ಅದು. ಖಂಡಿತ ಎಂಬ ಮಾತನ್ನು ನಾನು ಯಾರಿಗೂ ಕೊಡುವುದಿಲ್ಲ, ಹೊಲಿಗೆ ಇದ್ದರೆ ಇಲ್ಲದ್ದಕ್ಕಿಂತ ಒಳ್ಳೆಯದು ಎಂದು ಮಾತ್ರ ಹೇಳುತ್ತೇನೆ ಎಂದರು ಡಾಕ್ಟರಮ್ಮ.

ಮರುದಿನ ಹೊಲಿಗೆ ಬಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದು ಕೈ ತೊಳೆಯುತ್ತಿದ್ದ ಡಾಕ್ಟರಮ್ಮನ ಪಕ್ಕದಲ್ಲಿ ನಿಂತು ಸ್ಕ್ಯಾನ್ ಅಕ್ಕ ಎರಡು ವರ್ಷದ ಹಿಂದಿನ ಕಚ್ಚಿನ ವಿಷಯ ಹೇಳಿದಳು. ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. ಆಗ ಎಲ್ಲರಿಗೂ ಒಳಗಿನಿಂದ ನೋಡುವ ಪದ್ಧತಿ ಇರಲಿಲ್ಲ, ನಿಯಮದ ಪ್ರಕಾರ ನಿನ್ನದು ತಪ್ಪಲ್ಲ ಎಂದರು.

"ನಿಯಮದ ಪ್ರಕಾರ ಅಲ್ಲ. ಆದ್ರೆ ನನಗೆ ಅನುಮಾನ ಬಂದಿತ್ತು. ಬಂದೂ ಎಬ್ಬಿಸಲಿಲ್ಲ."

ಡಾಕ್ಟರಮ್ಮ ಬಹಳ ಹೊತ್ತು ಕೈ ಒರೆಸಿದರು. ಅವತ್ತು ಗೊತ್ತಾಗಿದ್ದರೂ ಉಳಿಸುತ್ತಿದ್ದೆವು ಎಂದು ಹೇಳಲಾಗದು, ಉಳಿಯುತ್ತಿರಲಿಲ್ಲ ಎಂದೂ ಹೇಳಲಾಗದು ಎಂದರು. ಬರೆದುಕೊಡು, ಮೇಲಿನವರಿಗೆ ನಾನು ಒಪ್ಪಿಸುತ್ತೇನೆ, ಅವರು ಏನು ಮಾಡುತ್ತಾರೋ ನೋಡೋಣ ಎಂದರು. ಅವಳಿಗೆ ಹೇಳುವುದಾದರೆ ನೀನೇ ಹೇಳು, ಆದರೆ ನಿನ್ನ ಭಾರ ಇಳಿಸಿಕೊಳ್ಳಲಿಕ್ಕೆ ಹೇಳಬೇಡ, ಅವಳದ್ದು ಇಳಿಯುವುದಿದ್ದರೆ ಹೇಳು ಎಂದು ಹೋಗುತ್ತ ಹೋಗುತ್ತ ತಿರುಗಿ ಅಂದರು.

ಮಧ್ಯಾಹ್ನ ವಾರ್ಡಿನಲ್ಲಿ ಅಂಚೆಯವಳು ಒಬ್ಬಳೇ ಇದ್ದಳು. ಅತ್ತೆ ಬಟ್ಟೆ ತರಲು ಮನೆಗೆ ಹೋಗಿದ್ದಳು. ಆರು ಮಂಚಗಳ ಸಾಲಿನಲ್ಲಿ ಅವಳದು ಕೊನೆಯದು, ಕಿಟಕಿಯ ಪಕ್ಕ. ಕಾಲು ಇನ್ನೂ ಮರಗಟ್ಟಿವೆ, ಹೆಬ್ಬೆರಳು ಮಾತ್ರ ಅಲ್ಲಾಡುತ್ತಿದೆ ಎಂದು ನಕ್ಕಳು. ಸ್ಕ್ಯಾನ್ ಅಕ್ಕ ಸ್ಟೂಲು ಎಳೆದು ಕೂತಳು.

"ನಿನ್ನೆ ಕೇಳಿದೆಯಲ್ಲ, ಯಾಕೆ ಅಂತ. ನಡೆದದ್ದಕ್ಕೆ ಅಲ್ಲ. ಈ ಸಲವೂ ಅಲ್ಲ, ಹೋದ ಸಲವೂ ಅಲ್ಲ. ನಿನ್ನ ಕೊರಳು ಇರೋದೇ ಹಾಗೆ, ಬೇಗ ಸಡಿಲವಾಗತ್ತೆ. ಚೀಲ ಹೊತ್ತರೂ ಅಷ್ಟೇ, ಹೊರದಿದ್ದರೂ ಅಷ್ಟೇ."

"ಮತ್ತೆ ಹೋದ ಸಲ ಮೂವತ್ನಾಲ್ಕು?"

"ಅದು ಸರಿಯಾದ ಅಳತೆ ಅಲ್ಲ." ಸ್ಕ್ಯಾನ್ ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ಮೂತ್ರ ತುಂಬಿದ್ರೆ ಉದ್ದ ಕಾಣತ್ತೆ. ಒಳಬಾಯಿ ಹತ್ರ ಏನೋ ಕಂಡಿತ್ತು ನನಗೆ. ನಿನ್ನ ಎಬ್ಬಿಸಿ ಮತ್ತೆ ನೋಡಬೇಕಿತ್ತು. ಹೊರಗೆ ಜನ ಇದ್ರು. ನೋಡಲಿಲ್ಲ. ನೋಡಿದ್ರೆ ಈಗ ಹಾಕಿದ ಹೊಲಿಗೆ ಆಗಲೇ ಹಾಕಬಹುದಿತ್ತೇನೋ."

ಅಂಚೆಯವಳ ಹೆಬ್ಬೆರಳು ಅಲ್ಲಾಡುವುದು ನಿಂತಿತು. ಪಕ್ಕದ ಮಂಚದವಳು ಕೆಮ್ಮಿದಳು. ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಟ್ಟುತ್ತ ದೂರವಾಯಿತು.

"ಎಷ್ಟು ಹೊತ್ತು ಬೇಕಿತ್ತು? ಮತ್ತೆ ನೋಡೋಕೆ?"

"ಹತ್ತು ನಿಮಿಷ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಾಲು ಅಲ್ಲಾಡದ ಕಾರಣ ಅಷ್ಟನ್ನು ಮಾತ್ರ ತಿರುಗಿಸಲು ಆಗುತ್ತಿತ್ತು. "ನೀವು ಹೋಗಿ," ಎಂದಳು. ಅಕ್ಕ ಎಂಬ ಪದ ಅದರಲ್ಲಿ ಇರಲಿಲ್ಲ.

ಅಲ್ಲಿಂದ ಮುಂದಿನ ಅಳತೆಗಳಿಗೆ ಅಂಚೆಯವಳು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು, ಕೈ ಚುರುಕು, ಎಚ್ಚರವೂ ಇತ್ತು. ಮೇಲಿನವರು ಸ್ಕ್ಯಾನ್ ಅಕ್ಕನಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಇನ್ನು ಮುಂದೆ ಮೊದಲ ಬಸಿರಾದರೂ ಅನುಮಾನ ಬಂದವರಿಗೆಲ್ಲ ಮೂತ್ರ ಖಾಲಿ ಮಾಡಿಸಿ ಒಳಗಿನಿಂದ ನೋಡತಕ್ಕದ್ದು ಎಂಬ ಹಾಳೆ ಎರಡೂ ಕೋಣೆಗಳ ಗೋಡೆಗೆ ಬಂತು. ಕೆಲಸ ಉಳಿಯಿತು. ಇಷ್ಟಕ್ಕೇ ಮುಗಿಯಿತಲ್ಲ ಎಂದ ಗಂಡ. ಅವಳಿಗೆ ಮುಗಿದಂತೆ ಅನ್ನಿಸಲಿಲ್ಲ. ಎರಡು ವಾರಕ್ಕೊಮ್ಮೆ ಆ ಹುಡುಗಿ ಹೊರಗೆ ಹೋದ ಹೊತ್ತು ನೋಡಿ, ಕಳ್ಳಿಯ ಹಾಗೆ ಪಕ್ಕದ ಕೋಣೆಗೆ ಹೋಗಿ ದಾಖಲೆ ಪುಸ್ತಕ ತಿರುವುತ್ತಿದ್ದಳು. ಇಪ್ಪತ್ತೆರಡನೇ ವಾರ: ಹತ್ತೊಂಬತ್ತು, ಹೊಲಿಗೆ ಸರಿಯಿದೆ. ಇಪ್ಪತ್ತನಾಲ್ಕು: ಹದಿನೆಂಟು. ಇಪ್ಪತ್ತಾರು: ಹದಿನೆಂಟು. ಆ ದಿನಗಳಲ್ಲಿ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಯಾವುದೇ ವಾಹನ ಅವಸರದಲ್ಲಿ ನಿಂತರೂ ಕೈಯಲ್ಲಿದ್ದ ಕೆಲಸ ಒಂದು ಕ್ಷಣ ನಿಲ್ಲುತ್ತಿತ್ತು.

ಇಪ್ಪತ್ತೆಂಟನೇ ವಾರದ ಒಂದು ಬೆಳಿಗ್ಗೆ ಹಾಗೇ ಒಂದು ವಾಹನ ನಿಂತಿತು. ಬಡಗಿಯ ಸಾಮಾನಿನ ಗಾಡಿ, ಹಿಂದೆ ಮರದ ಹಲಗೆಗಳು ಹಾಗೇ ಇದ್ದವು. ಅಂಚೆಯವಳಿಗೆ ಬೆಳಗಿನ ಜಾವದಿಂದ ಹೊಟ್ಟೆ ಹತ್ತು ಹತ್ತು ನಿಮಿಷಕ್ಕೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಪಕ್ಕದ ಕೋಣೆಯ ಹುಡುಗಿ ಆ ದಿನ ರಜೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೊಲಿಗೆಯ ದಾರ ಕೊರಳನ್ನು ಕೊಯ್ಯುತ್ತಿದೆಯೇ ನೋಡಬೇಕು, ಈಗಲೇ ಸ್ಕ್ಯಾನಿಗೆ ಕರೆದೊಯ್ಯಿರಿ ಎಂದರು.

ಚಕ್ರದ ಕುರ್ಚಿ ಬಾಗಿಲಿಗೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಂಚೆಯವಳ ಮೇಲ್ದುಟಿಯ ಮೇಲೆ ಬೆವರಿತ್ತು. "ಬೇರೆ ಯಾರೂ ಇಲ್ಲ," ಎಂದಳು ಸ್ಕ್ಯಾನ್ ಅಕ್ಕ. "ಬೇಡ ಅಂದ್ರೆ ಡಾಕ್ಟರಮ್ಮನ್ನೇ ಬರೋಕೆ ಹೇಳ್ತೀನಿ. ಸ್ವಲ್ಪ ತಡ ಆಗತ್ತೆ."

ಅಂಚೆಯವಳು ಕುರ್ಚಿಯ ಕೈ ಹಿಡಿದು ತಾನೇ ಎದ್ದಳು. ಮಂಚ ಹತ್ತುವ ಮೊದಲು, "ಮೂತ್ರ ಮಾಡಿ ಬಂದಿದೀನಿ," ಎಂದಳು.

ಸ್ಕ್ಯಾನ್ ಅಕ್ಕ ದೀಪ ತಗ್ಗಿಸಿದಳು. ಹೊರಗೆ ಎಷ್ಟು ಜನರಿದ್ದಾರೆಂದು ನೋಡಲಿಲ್ಲ. ಸಲಕರಣೆ ಇಟ್ಟು, ಒತ್ತದೆ, ಕಾದಳು. ಒಂದು ಬಿಗಿತ ಬಂತು, ಅಂಚೆಯವಳು ಮಂಚದ ಕಂಬಿ ಹಿಡಿದಳು. ಅದು ಕಳೆಯುವವರೆಗೆ ನೋಡಿದಳು. ಇನ್ನೊಂದು ಬಂದು ಹೋಗುವವರೆಗೂ ನೋಡಿದಳು. ಆಮೇಲೆ ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು. ಸಾಮಾನ್ಯವಾಗಿ ಮಗುವಿನ ಮುಖ ತೋರಿಸಲು ಮಾತ್ರ ತಿರುಗಿಸುವ ಪರದೆ ಅದು.

"ಇದು ಒಳಬಾಯಿ. ತೆರೆದಿದೆ. ಇಲ್ಲಿ ಹೊಳೆಯೋ ಎರಡು ಚುಕ್ಕೆ ಇದೆಯಲ್ಲ, ಅದು ಹೊಲಿಗೆ. ನೀರಿನ ಚೀಲ ಅಲ್ಲೀತನಕ ಬಂದು ನಿಂತಿದೆ. ನೋವು ಬಂದಾಗಲೂ ದಾಟಿಲ್ಲ, ಎರಡು ಸಲ ನೋಡಿದೆ. ಹೊಲಿಗೆಯಿಂದ ಕೆಳಗೆ ಹನ್ನೊಂದು ಮಿಲಿಮೀಟರು ಮುಚ್ಚಿದೆ."

"ನಿಲ್ಲತ್ತಾ?"

"ಗೊತ್ತಿಲ್ಲ."

ಅಂಚೆಯವಳು ಆ ಎರಡು ಚುಕ್ಕೆಗಳನ್ನೇ ನೋಡುತ್ತಿದ್ದಳು. "ಹಾಗಾದ್ರೆ ಹಾಗೇ ಬರೀರಿ," ಎಂದಳು.

ಮಗುವಿನ ಶ್ವಾಸಕೋಶ ಬಲಿಯಲೆಂದು ಒಂದು ಚುಚ್ಚುಮದ್ದು ಕೊಟ್ಟರು, ಮರುದಿನ ಇನ್ನೊಂದು ಕೊಡಬೇಕಿತ್ತು. ಎರಡೂ ಮೈಗೆ ಹತ್ತುವವರೆಗಾದರೂ ಹೆರಿಗೆ ತಡೆಯಬೇಕು ಎಂದು ಬಿಗಿತ ತಗ್ಗಿಸುವ ಔಷಧಿ ಏರಿಸಿದರು. ಹುಟ್ಟಿಬಿಟ್ಟರೆ ಇರಲಿ ಎಂದು ಕೆಳಮಹಡಿಯಲ್ಲಿ ಹಸುಗೂಸಿನ ಬಿಸಿಪೆಟ್ಟಿಗೆಯೊಂದನ್ನು ಸಿದ್ಧಪಡಿಸಿಟ್ಟರು. ಆ ಎರಡು ದಿನ ಸ್ಕ್ಯಾನ್ ಅಕ್ಕ ಊಟದ ಬಿಡುವಿನಲ್ಲಿ ಮೆಟ್ಟಿಲು ಹತ್ತಿ ವಾರ್ಡಿನ ಹೊರಗಿನ ಬೆಂಚಿನವರೆಗೆ ಹೋಗಿ, ಒಳಗೆ ಹೋಗದೆ, ದಾದಿಯ ಮುಖ ನೋಡಿ ಇಳಿಯುತ್ತಿದ್ದಳು.

ಎರಡನೇ ದಿನ ಆ ಬೆಂಚಿನಲ್ಲಿ ಅತ್ತೆ ಕೂತಿದ್ದಳು. ಮೊಣಕಾಲಿನ ಮೇಲೆ ಸೊಸೆಯ ಒಂದು ಒಗೆದ ಲಂಗವಿತ್ತು, ಅದನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಸ್ಕ್ಯಾನ್ ಅಕ್ಕನನ್ನು ಕಂಡು ಸರಿದು ಕೂತಳು.

"ನಡೆದದ್ದಕ್ಕೆ ಅಲ್ವಂತಲ್ಲಮ್ಮ," ಎಂದಳು ನೆಲ ನೋಡುತ್ತ. "ಇಲ್ಲಿ ಯಾರೋ ಹೇಳಿದ್ರಂತೆ ಅವಳಿಗೆ. ಚೀಲ ಹೊತ್ತದ್ದಕ್ಕೂ ಅಲ್ಲ, ಮೆಟ್ಟಿಲು ಹತ್ತಿದ್ದಕ್ಕೂ ಅಲ್ಲ, ಅವಳ ಮೈ ಇರೋದೇ ಹಾಗೆ ಅಂತ. ಎರಡು ವರ್ಷ ಎಷ್ಟು ಅಂದಿದೀನಿ ನಾನು. ಬಂದವರ ಎದುರಿಗೂ ಅಂದಿದೀನಿ. ಅವಳಾಗಿದ್ದಕ್ಕೆ ಸುಮ್ಮನಿದ್ಲು. ನಾನಾಗಿದ್ರೆ ಲಟ್ಟಣಿಗೆ ತಗೊಳ್ತಿದ್ದೆ."

ಯಾರೋ ಎಂದಳಲ್ಲ. ಸ್ಕ್ಯಾನ್ ಅಕ್ಕ ಆ ಪದದ ಬಳಿಯೇ ನಿಂತಳು. ಅಂಚೆಯವಳು ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದಳು. ಉಳಿದರ್ಧವನ್ನು ಯಾಕೆ ಹೇಳಲಿಲ್ಲವೋ, ದಯೆಯೋ, ಬೇಸರವೋ, ಅತ್ತೆಯ ಬಾಯಿಗೆ ಅದನ್ನು ಹಾಕಬಾರದೆಂಬ ಎಣಿಕೆಯೋ ತಿಳಿಯಲಿಲ್ಲ. ಆ ಹೊತ್ತಿಗೆ ಬಾಯಿ ಬಿಡಬೇಕೋ ಬೇಡವೋ ಎಂದು ಅವಳು ಒದ್ದಾಡಿದಳು. ಹೇಳಲೇಬೇಕು ಅನ್ನಿಸಿತು.

"ಹೋದ ಸಲ ಅಳತೆ ತಪ್ಪಿದ್ದು ನಾನು," ಎಂದಳು. "ಆಗಲೇ ಗೊತ್ತಾಗಬಹುದಿತ್ತು. ಗೊತ್ತಾಗಲಿಲ್ಲ ನನ್ನಿಂದ."

ಅತ್ತೆಯ ಕೈ ಲಂಗದ ಮೇಲೆ ನಿಂತಿತು. ಅವಳು ಸ್ಕ್ಯಾನ್ ಅಕ್ಕನ ಮುಖವನ್ನು ನೇರವಾಗಿ ನೋಡಿದಳು, ಬೈಗುಳ ಹುಡುಕುತ್ತಿರುವ ಹಾಗೆ. ಸೋಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಾರಿಗೂ ಹೆದರದೆ ಮಾತಾಡಿದ ಹೆಂಗಸು. ಕೊನೆಗೆ, "ನಾವಿಬ್ಬರೂ ಸೇರಿ ಅವಳ ತಲೆಗೆ ಕಟ್ಟಿದ್ವಿ ಅನ್ನಿ," ಎಂದು ಎದ್ದು ಒಳಗೆ ಹೋದಳು.

ಆ ಸಂಜೆಗೆ ಬಿಗಿತ ಅರ್ಧ ಗಂಟೆಗೊಂದಾಯಿತು, ಮರುದಿನ ನಿಂತಿತು. ಎರಡು ವಾರ ವಾರ್ಡಿನಲ್ಲೇ ಇಟ್ಟುಕೊಂಡು ಮನೆಗೆ ಕಳಿಸಿದರು. ಮೂವತ್ತನೇ ವಾರ ಕಳೆಯಿತು, ಮೂವತ್ತೆರಡು ಕಳೆಯಿತು. ಹುಡುಗಿಯ ಪುಸ್ತಕದಲ್ಲಿ ಸ್ಕ್ಯಾನ್ ಅಕ್ಕ ಕದ್ದು ಓದುತ್ತಲೇ ಇದ್ದಳು. ಒಂದು ದಿನ ಆ ಹುಡುಗಿಯೇ ಪುಸ್ತಕವನ್ನು ಅವಳ ಮೇಜಿನ ಮೇಲೆ ತೆರೆದಿಟ್ಟು, ಏನೂ ಹೇಳದೆ, ನೀರು ಕುಡಿಯಲು ಹೋದಳು.

ಮೂವತ್ತಾರು ವಾರ ತುಂಬಿದ ದಿನ ಹೊಲಿಗೆ ಕತ್ತರಿಸಿದರು. ದಾರ ತೆಗೆದ ಕೂಡಲೇ ಮಗು ಜಾರಿಬೀಳುತ್ತದೆ ಎಂದು ಅತ್ತೆ ಬಟ್ಟೆಗಂಟು ಕಟ್ಟಿಕೊಂಡೇ ಬಂದಿದ್ದಳಂತೆ. ಏನೂ ಆಗಲಿಲ್ಲ. ಮನೆಗೆ ಹೋದರು. ಒಂದು ವಾರ ಕಳೆಯಿತು, ಎಂಟು ದಿನ, ಒಂಬತ್ತು ದಿನ. ಬೇಡ ಬೇಡ ಅಂದಾಗ ಬಾಗಿಲು ಬಡಿದ ಕೂಸು ಬಾ ಅಂದಾಗ ಕೂತೇಬಿಟ್ಟಿದೆ, ಹಟದಲ್ಲಿ ನನ್ನ ಮಗನ ಹಾಗೇ ಎಂದು ಅತ್ತೆ ಕೌಂಟರಿನವರಿಗೆಲ್ಲ ಹೇಳಿ ನಗಿಸಿದಳು. ಹನ್ನೊಂದನೇ ದಿನ ನಡುಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಎರಡು ಕಿಲೋ ಏಳುನೂರು ಗ್ರಾಮು. ಹುಟ್ಟಿದ ಕೂಡಲೇ ಅತ್ತು, ಬಿಸಿಪೆಟ್ಟಿಗೆಯ ಗೊಡವೆಯಿಲ್ಲದೆ ತಾಯಿಯ ಪಕ್ಕಕ್ಕೆ ಹೋಯಿತು.

ಸ್ಕ್ಯಾನ್ ಅಕ್ಕ ಮರುದಿನ ಬೆಳಿಗ್ಗೆ ಮಹಡಿ ಹತ್ತಿದಳು. ದೂರದಿಂದ ಒಮ್ಮೆ ನೋಡಿ ಬರುವುದು ಎಂದುಕೊಂಡಿದ್ದಳು. ವಾರ್ಡಿನ ಬಾಗಿಲಲ್ಲಿ ಅತ್ತೆ ಎದುರಾದಳು, ತೋಳಿನಲ್ಲಿ ಮಗು. "ಹಿಡ್ಕೊಳ್ಳಿ, ಬಾಟ್ಲಿಗೆ ಬಿಸಿನೀರು ತರ್ತೀನಿ," ಎಂದು ಮಗುವನ್ನು ಅವಳ ಕೈಗಿಟ್ಟು, ಉತ್ತರಕ್ಕೆ ಕಾಯದೆ ನಡೆದಳು.

ಹತ್ತೊಂಬತ್ತು ವರ್ಷದಲ್ಲಿ ಅವಳು ನೋಡಿದ ಮಕ್ಕಳಿಗೆ ಲೆಕ್ಕವಿರಲಿಲ್ಲ, ಎಲ್ಲವೂ ಪರದೆಯ ಮೇಲೆ. ಇದು ಬಿಸಿಯಾಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಬಾಗಿಲಲ್ಲಿ ನಿಲ್ಲುವಂತಿರಲಿಲ್ಲ, ಗಾಳಿ ಬೀಸುತ್ತಿತ್ತು. ಅವಳು ಒಳಗೆ ಹೋದಳು. ಅಂಚೆಯವಳು ಮಲಗಿದ್ದಳು, ಕೂದಲು ಕೆದರಿ, ಒಂದು ತೋಳು ಕಣ್ಣಿಗೆ ಅಡ್ಡವಾಗಿ. ಹೆಜ್ಜೆ ಸದ್ದಿಗೆ ತೋಳು ತೆಗೆದಳು. ಮೊದಲು ಮಗುವನ್ನು ನೋಡಿದಳು, ಆಮೇಲೆ ಹಿಡಿದವಳನ್ನು. ಮುಖದಲ್ಲಿ ನಗುವಿರಲಿಲ್ಲ.

ಮಗು ಬಟ್ಟೆಯೊಳಗಿನಿಂದ ಒಂದು ಕೈ ಹೊರಗೆ ತೆಗೆದು ಗಾಳಿಯಲ್ಲಿ ಏನನ್ನೋ ಹುಡುಕಿ ಸುಮ್ಮನಾಯಿತು. ಸ್ಟೂಲಿನ ಮೇಲೆ ಬಟ್ಟೆಗಂಟು ಇತ್ತು, ಕೂರಲು ಬೇರೆ ಜಾಗವಿರಲಿಲ್ಲ. ಅಂಚೆಯವಳು ಮೊಣಕೈ ಊರಿ, ಮುಖ ಕಿವುಚಿಕೊಂಡು, ನಿಧಾನವಾಗಿ ತನ್ನ ಕಾಲುಗಳನ್ನು ಗೋಡೆಯ ಕಡೆಗೆ ಸರಿಸಿದಳು. ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.